ಕರಾವಳಿಯ ಸೆಕೆಯಲ್ಲಿ ಸಭಾಮರ್ಯಾದೆಯ ಉಡುಪು: ಗಡಿನಾಡ ಕನ್ನಡ ಕುಟುಂಬಗಳಿಗೊಂದು ಮಾಹಿತಿ

ರಾಯದುರ್ಗ ಮತ್ತು ಮಡಕಶಿರಾ ಭಾಗದ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಓದಿದ ಮಕ್ಕಳು ಈಗ ಮಂಗಳೂರು, ಉಡುಪಿ, ಕಾಸರಗೋಡು, ವಿಶಾಖಪಟ್ಟಣಗಳವರೆಗೆ ಹೋಗುತ್ತಿದ್ದಾರೆ. ಕೆಲವರು ಪದವಿಗೆ, ಕೆಲವರು ಶಿಕ್ಷಕ ತರಬೇತಿಗೆ, ಕೆಲವರು ಗಡಿನಾಡ ಕನ್ನಡಿಗರ ಸಮಾವೇಶಗಳಿಗೆ. ಅವರ ಹಿಂದೆ ತಂದೆ-ತಾಯಿಯರೂ ಘಟಿಕೋತ್ಸವಕ್ಕೆ, ಪುರಸ್ಕಾರ ಸಮಾರಂಭಕ್ಕೆ, ಕೆಲವೊಮ್ಮೆ ಹೊಸ ಬೀಗರ ಮನೆಯ ಆರತಕ್ಷತೆಗೆ ಕಡಲ ತೀರದ ಊರುಗಳಿಗೆ ತೆರಳುತ್ತಾರೆ. ಹೊರಡುವ ಮುನ್ನ ನಮ್ಮನ್ನು ಕೇಳುವ ಪ್ರಶ್ನೆ ಬಹುತೇಕ ಒಂದೇ: "ಸಾರ್, ಕೋಟು ಹೊಲಿಸಲೇಬೇಕೆ?" ಅದಕ್ಕಾಗಿ ಸಾಲ ಮಾಡಿದ ಮನೆಗಳನ್ನು ನಾವು ಕಂಡಿದ್ದೇವೆ. ಆಮಂತ್ರಣ ಪತ್ರಿಕೆಯಲ್ಲಿ 'ಫಾರ್ಮಲ್ ಡ್ರೆಸ್' ಎಂಬ ಎರಡು ಇಂಗ್ಲಿಷ್ ಪದಗಳನ್ನು ಕಂಡು, ಮಗಳ ಪದವಿ ಪ್ರದಾನಕ್ಕೇ ಹೋಗದೆ ಉಳಿದ ತಂದೆಯರನ್ನೂ ಕಂಡಿದ್ದೇವೆ. ಆದ್ದರಿಂದ ಈ ವಿಷಯದಲ್ಲಿ ನಮಗೆ ತಿಳಿದಷ್ಟನ್ನು ಒಂದೆಡೆ ಬರೆದಿಡುವುದು ಉಚಿತವೆನಿಸಿತು.

ಒಣಬಿಸಿಲು ಬೇರೆ, ಕಡಲ ಸೆಕೆ ಬೇರೆ

ನಮ್ಮದು ಬಿಸಿಲ ನಾಡು. ಅನಂತಪುರ ಜಿಲ್ಲೆಯ ವಾರ್ಷಿಕ ಮಳೆ ಸುಮಾರು 550 ಮಿ.ಮೀ.; ಏಪ್ರಿಲ್-ಮೇ ತಿಂಗಳಲ್ಲಿ ರಾಯದುರ್ಗದ ಬೆಟ್ಟದ ಬಂಡೆಗಳು ಕಾದ ಹಂಚಿನಂತಿರುತ್ತವೆ. ಹಾಗಾಗಿ "ನಮಗೇನು ಬಿಸಿಲು ಹೊಸದೆ?" ಎಂದು ಹೊರಟವರು ಮಂಗಳೂರಿನಲ್ಲಿ ಇಳಿದ ಅರ್ಧ ಗಂಟೆಗೆ ತೊಯ್ದು ತೊಪ್ಪೆಯಾಗುತ್ತಾರೆ. ಅಲ್ಲಿ ಉಷ್ಣಾಂಶ 33 ಡಿಗ್ರಿ ಇದ್ದೀತು, ನಮ್ಮೂರಿನಲ್ಲಿ 40 ಇದ್ದೀತು. ಆದರೂ ಅಲ್ಲಿನ ಬೇಗೆಯೇ ಹೆಚ್ಚೆನಿಸುತ್ತದೆ.

ಕಾರಣ ಸರಳ. ದೇಹವು ಬೆವರಿನಿಂದ ತಂಪಾಗುವುದಿಲ್ಲ, ಬೆವರು ಆರುವುದರಿಂದ ತಂಪಾಗುತ್ತದೆ. ಒಂದು ಲೀಟರ್ ಬೆವರು ಪೂರ್ತಿಯಾಗಿ ಆರಿದರೆ ಮೈಯಿಂದ ಸುಮಾರು 580 ಕಿಲೊಕ್ಯಾಲರಿಯಷ್ಟು ಶಾಖವನ್ನು ಒಯ್ಯುತ್ತದೆ. ಅದೇ ಬೆವರು ಹನಿಹನಿಯಾಗಿ ನೆಲಕ್ಕೆ ಬಿದ್ದರೆ ಹೆಚ್ಚೇನೂ ಪ್ರಯೋಜನವಿಲ್ಲ. ನಮ್ಮ ಒಣಗಾಳಿ ಬೆವರನ್ನು ಕಾಣಿಸುವ ಮುನ್ನವೇ ಕುಡಿದುಬಿಡುತ್ತದೆ. ವರ್ಷಕ್ಕೆ ಮೂರು ಸಾವಿರ ಮಿ.ಮೀ.ಗೂ ಅಧಿಕ ಮಳೆ ಬೀಳುವ ಕರಾವಳಿಯಲ್ಲಿ ಗಾಳಿಯೇ ನೀರನ್ನು ಹೊತ್ತಿರುತ್ತದೆ. ಇನ್ನಷ್ಟು ನೀರನ್ನು ಹೊರಲು ಅದಕ್ಕೆ ಸ್ಥಳವಿಲ್ಲ. ಅಂಥಲ್ಲಿ ಮೈಗೂ ಬಟ್ಟೆಗೂ ನಡುವೆ ಗಾಳಿಯಾಡಲು ಎಷ್ಟು ಎಡೆಯಿದೆ ಎಂಬುದೇ ಮುಖ್ಯವಾಗುತ್ತದೆ.

ನಮ್ಮಲ್ಲಿ ಬಿಸಿಲಿನಿಂದ ಮೈ ಮುಚ್ಚಿಕೊಳ್ಳುವುದು ಜಾಣತನ. ಕರಾವಳಿಯಲ್ಲಿ ಮೈಗೆ ಗಾಳಿ ತಾಗಿಸುವುದು ಜಾಣತನ. ಅಲ್ಲಿಯ ಹಿರಿಯರು ಮನೆಯಲ್ಲಿ ಬರಿಮೈಯಲ್ಲಿ, ಹೆಗಲ ಮೇಲೊಂದು ಬೈರಾಸು ಹಾಕಿಕೊಂಡು ಕೂರುವುದನ್ನು ನಮ್ಮವರು ಅಸಡ್ಡೆಯೆಂದು ತಿಳಿಯುತ್ತಾರೆ. ಅದು ಹವೆಯ ಪಾಠ.

ನೂಲಿನ ವಿಚಾರ

ಬಟ್ಟೆಯಂಗಡಿಯಲ್ಲಿ ಕೈಗೆ ನುಣುಪಾಗಿ ತಾಗಿದ್ದೆಲ್ಲ ಮೈಗೆ ಹಿತವಲ್ಲ. ನೂಲು ತನ್ನ ತೂಕದ ನೂರರಲ್ಲಿ ಎಷ್ಟು ಪಾಲು ತೇವವನ್ನು ಗಾಳಿಯಿಂದ ಹೀರಿಟ್ಟುಕೊಳ್ಳುತ್ತದೆ ಎಂಬುದಕ್ಕೆ ಜವಳಿ ಶಾಸ್ತ್ರದಲ್ಲಿ ಲೆಕ್ಕವಿದೆ. ಹತ್ತಿಗೆ ಅದು ಸುಮಾರು 8, ರೇಷ್ಮೆಗೆ 11, ನಾರಗಸೆಯ ಲಿನನ್‌ಗೆ 12, ಉಣ್ಣೆಗೆ 16. ಪಾಲಿಯೆಸ್ಟರ್‌ಗೆ ಒಂದಕ್ಕಿಂತಲೂ ಕಡಿಮೆ, ಸುಮಾರು 0.4. ಅಂದರೆ ಪಾಲಿಯೆಸ್ಟರ್ ಕೋಟಿನೊಳಗೆ ಬೆವರಿದವನು ಪ್ಲಾಸ್ಟಿಕ್ ಚೀಲದೊಳಗೆ ಬೆವರಿದಂತೆಯೇ. ಬಾಡಿಗೆಗೆ ದೊರೆಯುವ ಕೋಟುಗಳಲ್ಲಿ ಬಹುಪಾಲು ಇಂಥವೇ; ಹೊರಗಿನ ಬಟ್ಟೆ ಸುಮಾರಾಗಿದ್ದರೂ ಒಳಗಿನ ಅಸ್ತರು ಪಾಲಿಯೆಸ್ಟರೇ ಆಗಿರುತ್ತದೆ. ಕೋಟು ಕೊಳ್ಳಲೇಬೇಕಾದವರು ಮೊದಲು ಅಸ್ತರನ್ನು ನೋಡಬೇಕು. ಬೆನ್ನಿಗೆ ಅರ್ಧ ಮಾತ್ರ ಅಸ್ತರಿರುವ ಹತ್ತಿಯ ಕೋಟು ಕರಾವಳಿಗೆ ಸಹ್ಯ.

ಬಣ್ಣದ ಬಗ್ಗೆ ಒಂದು ಮಾತು. ಕಪ್ಪು ಬಣ್ಣ ಬಿಸಿಲನ್ನು ಹೆಚ್ಚು ಹೀರುತ್ತದೆ ಎಂಬುದು ಐದನೆಯ ತರಗತಿಯ ಮಗುವಿಗೂ ಗೊತ್ತು. ಆದರೆ ಮರುಭೂಮಿಯ ಬೆದೂಯಿನ್ ಜನ ಕಪ್ಪು ನಿಲುವಂಗಿ ಏಕೆ ತೊಡುತ್ತಾರೆ ಎಂದು ವಿಜ್ಞಾನಿಗಳು ಅಳೆದು ನೋಡಿ, 1980ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ನಿಲುವಂಗಿ ಸಡಿಲವಾಗಿದ್ದರೆ ಕಪ್ಪಿಗೂ ಬಿಳಿಗೂ ಚರ್ಮದ ಮಟ್ಟದಲ್ಲಿ ವ್ಯತ್ಯಾಸವಿಲ್ಲವೆಂದು ಕಂಡುಬಂತು. ಬಣ್ಣಕ್ಕಿಂತ ಸಡಿಲ ಮುಖ್ಯ. ಮಕ್ಕಳ ಅಂಗಿಯನ್ನು ಮೈಗಂಟುವಂತೆ ಹೊಲಿಸುವ ಈಗಿನ ರೂಢಿಯನ್ನು ಕರಾವಳಿಯ ಪ್ರಯಾಣಕ್ಕಾದರೂ ಬಿಡಬೇಕು.

ರಾಯದುರ್ಗದವರಿಗೆ ಜೀನ್ಸ್ ಬಗ್ಗೆ ಹೇಳುವುದು ಹೊಟ್ಟೆಯ ಮೇಲೆ ಹೊಡೆದಂತೆ; ಎಷ್ಟೋ ಮನೆಗಳ ಒಲೆ ಉರಿಯುವುದು ಸಿದ್ಧ ಉಡುಪಿನ ಹೊಲಿಗೆಯಿಂದಲೇ. ಜೀನ್ಸ್ ಹತ್ತಿಯದೇ ನಿಜ. ಆದರೆ ದಪ್ಪ ನೇಯ್ಗೆಯಾದ್ದರಿಂದ ಒಮ್ಮೆ ತೊಯ್ದರೆ ಕಡಲ ಹವೆಯಲ್ಲಿ ದಿನವಿಡೀ ಆರದು. ಮೇಲಾಗಿ ಗಂಭೀರ ಸಮಾರಂಭಕ್ಕೆ ಅದನ್ನು ಎಲ್ಲಿಯೂ ಒಪ್ಪುವುದಿಲ್ಲ.

ಪಂಚೆ: ಪೂರ್ಣ ಪ್ರಮಾಣದ ಸಭಾ ಉಡುಪು

ಶುಭ್ರವಾಗಿ ಒಗೆದು, ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಪಂಚೆ, ಬಿಳಿ ಅಥವಾ ತಿಳಿಬಣ್ಣದ ತುಂಬುತೋಳಿನ ಹತ್ತಿ ಅಂಗಿ ಇಲ್ಲವೆ ಜುಬ್ಬಾ, ಹೆಗಲ ಮೇಲೆ ಮಡಿಸಿದ ಶಲ್ಯ: ಇಷ್ಟಿದ್ದರೆ ಕರಾವಳಿಯ ಯಾವ ವೇದಿಕೆಗೂ ಅದು ಸಾಕು. ಅಷ್ಟೇ ಅಲ್ಲ, ಅಲ್ಲಿ ಅದು ಕೋಟಿಗಿಂತ ಗೌರವದ್ದು. ನಮ್ಮ ಅಂಗಡಿಗಳಲ್ಲಿ ಕೇಳುವಾಗ ಜುಬ್ಬಾಕ್ಕೆ 'ಲಾಲ್ಚಿ' ಎಂದೂ ಶಲ್ಯಕ್ಕೆ 'ಕಂಡುವಾ' ಎಂದೂ ಹೇಳಿದರೆ ಬೇಗ ತೆಗೆದುಕೊಡುತ್ತಾರೆ. ಕಾಸರಗೋಡಿನಲ್ಲಿ ಪಂಚೆಗೆ 'ಮುಂಡು' ಎನ್ನಬೇಕಾದೀತು. ಹೆಸರು ಬೇರೆಯಾದರೂ ವಸ್ತ್ರ ಅದೇ.

ನಮ್ಮವರು ಗಮನಿಸಬೇಕಾದ ಕೆಲವು ಮರ್ಯಾದೆಗಳು ಅಲ್ಲಿವೆ. ಕರಾವಳಿಯಲ್ಲಿ ಪಂಚೆಯನ್ನು ಮೊಣಕಾಲಿನವರೆಗೆ ಮಡಚಿ ಕಟ್ಟಿಕೊಂಡು ನಡೆಯುವುದು ಸಾಮಾನ್ಯ. ಆದರೆ ಹಿರಿಯರು ಎದುರಾದರೆ, ಸಭೆಯೊಳಗೆ ಕಾಲಿಟ್ಟರೆ, ಆ ಮಡಿಕೆಯನ್ನು ಬಿಚ್ಚಿ ಕಾಲಿನವರೆಗೆ ಇಳಿಬಿಡಬೇಕು. ಮಡಚಿಕೊಂಡೇ ಮಾತಾಡುವುದನ್ನು ಅಗೌರವವೆಂದು ತಿಳಿಯುತ್ತಾರೆ. ಬಣ್ಣದ ಲುಂಗಿ ಮನೆಗೆ, ಪೇಟೆಗೆ ಸರಿ, ಸಮಾರಂಭಕ್ಕಲ್ಲ. ದೇವಾಲಯದಲ್ಲಿ ನಡೆಯುವ ಮದುವೆಯಾದರೆ ಇನ್ನೊಂದು ಸಂಗತಿ ನೆನಪಿರಲಿ: ಧರ್ಮಸ್ಥಳದಲ್ಲಿಯೂ ಕಾಸರಗೋಡಿನ ಅನೇಕ ದೇಗುಲಗಳಲ್ಲಿಯೂ ಗಂಡಸರು ಅಂಗಿ ಕಳಚಿಯೇ ಒಳಗೆ ಹೋಗಬೇಕು. ಕೋಟು, ಟೈ ಧರಿಸಿ ಹೋದವರು ಅದನ್ನೆಲ್ಲ ಕಳಚಿ ಎಲ್ಲಿಡುವುದೆಂದು ತಿಳಿಯದೆ ನಿಲ್ಲುತ್ತಾರೆ. ಶಲ್ಯವಿದ್ದವನಿಗೆ ಆ ಸಂಕಟವಿಲ್ಲ.

ಪಂಚೆ ಜಾರುವ ಭಯ ಹುಡುಗರಿಗಿದೆ. ಈಗಿನ ಹುಡುಗರು ಉಟ್ಟು ಅಭ್ಯಾಸವಿಲ್ಲದವರು. ಅದು ಅವರ ತಪ್ಪಲ್ಲ. ಅಂಟುಪಟ್ಟಿ ಹೊಲಿದ ಸಿದ್ಧ ಪಂಚೆ ಸಿಗುತ್ತದೆ. ಸೊಂಟಕ್ಕೆ ತೆಳುವಾದ ಹತ್ತಿಯ ಪಟ್ಟಿ ಕಟ್ಟಿದರೂ ಆದೀತು. ಸಮಾರಂಭಕ್ಕೆ ಮೂರು ದಿನ ಮೊದಲು ಮನೆಯಲ್ಲಿಯೇ ಸಂಜೆ ಒಂದೊಂದು ಗಂಟೆ ಉಡಿಸಿ ಓಡಾಡಿಸಿ. ಮೆಟ್ಟಿಲು ಹತ್ತಿಸಿ ಇಳಿಸಿ. ವೇದಿಕೆಯ ಮೆಟ್ಟಿಲಲ್ಲಿ ಅಂಚನ್ನು ಬಲಗೈಯಿಂದ ಸ್ವಲ್ಪ ಎತ್ತಿ ಹಿಡಿಯುವುದನ್ನು ಅಜ್ಜಂದಿರೇ ಕಲಿಸಬೇಕು. ಅದನ್ನು ನಮ್ಮ ಪಠ್ಯಪುಸ್ತಕದಲ್ಲಿ ಯಾರೂ ಬರೆದಿಲ್ಲ.

"ಬಾಗಿಲಲ್ಲಿ ತಡೆದರೆ?" ಎಂಬ ಪ್ರಶ್ನೆಯನ್ನು ನಾವು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಕರಾವಳಿಯ ಒಂದು ನಗರದ ಸಭಾಂಗಣದಲ್ಲಿ, ಮಗನಿಗೆ ಬಹುಮಾನ ಬಂದ ದಿನವೇ, ನಮ್ಮ ಭಾಗದ ರೈತರೊಬ್ಬರನ್ನು ಸ್ವಯಂಸೇವಕರು ಮುಂದಿನ ಸಾಲಿನಿಂದ ಎಬ್ಬಿಸಿ ಹಿಂದೆ ಕೂರಿಸಿದ್ದನ್ನು ನಾವೇ ನೋಡಿದ್ದೇವೆ. ಅವರು ಉಟ್ಟಿದ್ದು ಹೊಸ ಪಂಚೆ. ಇಂಥವು ದೊಡ್ಡವರಿಗೂ ಆಗಿವೆ. 2014ರ ಜುಲೈನಲ್ಲಿ, ಕಡಲ ದಂಡೆಯ ಮಹಾನಗರವಾದ ಚೆನ್ನೈಯಲ್ಲಿ, ಮದರಾಸು ಹೈಕೋರ್ಟಿನ ಹಾಲಿ ನ್ಯಾಯಮೂರ್ತಿ ಡಿ. ಹರಿಪರಂತಾಮನ್ ಅವರು ಪುಸ್ತಕ ಬಿಡುಗಡೆಗೆಂದು ತಮಿಳುನಾಡು ಕ್ರಿಕೆಟ್ ಸಂಸ್ಥೆಯ ಕ್ಲಬ್ಬಿಗೆ ಪಂಚೆಯುಟ್ಟು ಹೋದಾಗ ಅವರಿಗೆ ಪ್ರವೇಶ ನಿರಾಕರಿಸಲಾಯಿತು. ರಾಜ್ಯದಲ್ಲಿ ಗದ್ದಲವೆದ್ದಿತು. ಮುಂದಿನ ತಿಂಗಳೇ ಅಲ್ಲಿನ ವಿಧಾನಸಭೆ ಕಾಯ್ದೆಯೊಂದನ್ನು ಅಂಗೀಕರಿಸಿತು: ಪಂಚೆ ಅಥವಾ ಇತರ ಭಾರತೀಯ ಸಾಂಪ್ರದಾಯಿಕ ಉಡುಪು ಧರಿಸಿ ಬಂದವರನ್ನು ಕ್ಲಬ್ಬುಗಳು ತಡೆದರೆ ಒಂದು ವರ್ಷದವರೆಗಿನ ಸೆರೆ ಮತ್ತು 25,000 ರೂಪಾಯಿ ದಂಡ. ಬೆಂಗಳೂರಿನ ಮಾಗಡಿ ರಸ್ತೆಯ ಮಾಲ್ ಒಂದರಲ್ಲಿ 2024ರ ಜುಲೈನಲ್ಲಿ ಪಂಚೆಯುಟ್ಟ ವೃದ್ಧ ರೈತರನ್ನು ತಡೆದಾಗ, ಕರ್ನಾಟಕ ಸರ್ಕಾರವು ಆ ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಸದನದಲ್ಲಿಯೇ ಪ್ರಕಟಿಸಿತು. ತಮಿಳುನಾಡಿನ ಆ ಕಾಯ್ದೆ ಆ ರಾಜ್ಯಕ್ಕಷ್ಟೇ ಅನ್ವಯ. ಆಂಧ್ರದಲ್ಲಿ ಅದನ್ನು ತೋರಿಸಿ ವಾದಿಸಲಾಗದು. ಆದರೂ ನಮ್ಮ ಸಲಹೆ ಇದು: ಆಮಂತ್ರಣ ಬಂದ ಕೂಡಲೇ ಸಂಘಟಕರಿಗೆ ಕನ್ನಡದಲ್ಲೋ ತೆಲುಗಿನಲ್ಲೋ ಒಂದು ಸಾಲಿನ ಪತ್ರ ಬರೆಯಿರಿ. "ನಾವು ಪಂಚೆ-ಶಲ್ಯದಲ್ಲಿ ಬರುತ್ತೇವೆ" ಎಂದು ತಿಳಿಸಿ. ಅನುಮತಿ ಕೇಳಬೇಡಿ, ತಿಳಿಸಿ. ಉತ್ತರ ಬಂದರೆ ಅದನ್ನು ಮೊಬೈಲಿನಲ್ಲಿ ಇಟ್ಟುಕೊಳ್ಳಿ.

ಪೇಟ ಮತ್ತು ದರ್ಬಾರಿನ ಕೋಟು

ಮೈಸೂರು ಪೇಟವಿಲ್ಲದೆ ಸನ್ಮಾನವಿಲ್ಲ ಎಂಬಂತಾಗಿದೆ. ದಿವಾನ್ ಸರ್ ಎಂ. ವಿಶ್ವೇಶ್ವರಯ್ಯನವರ ಭಾವಚಿತ್ರ ಪ್ರತಿ ಕನ್ನಡ ಶಾಲೆಯ ಗೋಡೆಯಲ್ಲಿದೆ. ಪೇಟ, ಕೋಟು, ಟೈ. ಸರ್ ಸಿ.ವಿ. ರಾಮನ್ನರು 1930ರಲ್ಲಿ ಸ್ಟಾಕ್‌ಹೋಮಿನಲ್ಲಿ ನೊಬೆಲ್ ಪುರಸ್ಕಾರ ಪಡೆಯುವಾಗಲೂ ತಲೆಯ ರುಮಾಲನ್ನು ಬಿಡಲಿಲ್ಲ. ಮೈಸೂರು ಅರಮನೆಯ ದರ್ಬಾರಿನ ಪೋಷಾಕಿನಲ್ಲಿ ಕುತ್ತಿಗೆಯವರೆಗೆ ಗುಂಡಿ ಹಾಕುವ ಉದ್ದ ಕೋಟು, ಜರಿಯಂಚಿನ ಪೇಟ, ಹೆಗಲಿನ ವಲ್ಲಿ ಸೇರಿದ್ದವು. ಇವೆಲ್ಲ ನಮ್ಮ ಹೆಮ್ಮೆಯೇ. ಆದರೆ ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ, ಸ್ಟಾಕ್‌ಹೋಮಿನ ಡಿಸೆಂಬರ್ ಹಿಮದ ಕಾಲ. ಆ ಚಿತ್ರಗಳಲ್ಲಿನ ಉಡುಪು ತಂಪು ಹವೆಯದು. ಅದನ್ನು ನೋಡಿ ಮಂಗಳೂರಿನ ಮೇ ತಿಂಗಳಿಗೆ ಕೋಟು ಹೊಲಿಸುವುದು ಸಲ್ಲದು. ಪೇಟ ಬೇಕಾದರೆ ವೇದಿಕೆಯ ಮೇಲಿನ ಹತ್ತು ನಿಮಿಷಕ್ಕೆ ಮಾತ್ರ ಧರಿಸಿ. ಸನ್ಮಾನ ಮುಗಿದೊಡನೆ ತೆಗೆದು ಮಡಿಲಲ್ಲಿಟ್ಟುಕೊಳ್ಳುವುದರಲ್ಲಿ ಅಗೌರವವೇನಿಲ್ಲ. ಷರಾಯಿಯೇ ಬೇಕೆನ್ನುವವರು, ಶೇರ್ವಾನಿ ರೂಢಿಯಿರುವ ಮನೆಗಳವರು, ತೆಳುವಾದ ಹತ್ತಿಯ ಬಂದ್‌ಗಲಾ ಅಥವಾ ಅಸ್ತರಿಲ್ಲದ ಶೇರ್ವಾನಿಯನ್ನು ಆರಿಸಿಕೊಳ್ಳಬಹುದು.

ಇದು ನಮ್ಮೊಬ್ಬರ ತೊಡಕಲ್ಲ. ಫಿಲಿಪ್ಪೀನ್ಸ್ ದ್ವೀಪಗಳಲ್ಲಿ ಅನಾನಸಿನ ಎಲೆಯ ನಾರಿನಿಂದ ನೇಯ್ದ, ಒಳಗಿನ ಬನಿಯನ್ ಕಾಣುವಷ್ಟು ತೆಳುವಾದ 'ಬಾರೊಂಗ್' ಎಂಬ ನೀಳ ಅಂಗಿಯಿದೆ. ಅದನ್ನು ಷರಾಯಿಯ ಹೊರಗೇ ಬಿಡುತ್ತಾರೆ. 1953ರ ಡಿಸೆಂಬರಿನಲ್ಲಿ ರಮೋನ್ ಮಗ್ಸೆಸೆ ಅವರು ಅದನ್ನೇ ಧರಿಸಿ ರಾಷ್ಟ್ರಾಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದರು. (ಅದೇ ವರ್ಷದ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದು ನಮ್ಮ ರಾಯದುರ್ಗ ಆಂಧ್ರ ರಾಜ್ಯಕ್ಕೆ ಸೇರಿತು.) ಜಪಾನ್ ಸರ್ಕಾರ 2005ರ ಬೇಸಿಗೆಯಿಂದ ತನ್ನ ನೌಕರರಿಗೆ ಟೈ, ಕೋಟು ಬಿಡಲು ಹೇಳಿ, ಕಚೇರಿಯ ಏಸಿಯನ್ನು 28 ಡಿಗ್ರಿಗೆ ಇರಿಸಿತು.

ಹೆಣ್ಣುಮಕ್ಕಳ ಸೀರೆ

ಈ ವಿಷಯದಲ್ಲಿ ನಾವು ಶ್ರೀಮಂತರು. ರಾಯದುರ್ಗದ ಮಗ್ಗುಲಲ್ಲೇ ಮೊಳಕಾಲ್ಮೂರು ಇದೆ, ಇತ್ತ ಧರ್ಮಾವರವಿದೆ. ಎರಡೂ ಊರುಗಳ ಕೈಮಗ್ಗದ ರೇಷ್ಮೆ ಸೀರೆಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಆದರೆ ಭಾರವಾದ ಜರಿಯ ರೇಷ್ಮೆ ಸೀರೆಯುಟ್ಟು ಕರಾವಳಿಯ ಛತ್ರದಲ್ಲಿ ನಾಲ್ಕು ಗಂಟೆ ಕೂರುವುದು ತಪಸ್ಸು. ಧಾರೆಯ ಹೊತ್ತಿಗೆ, ಪದವಿ ಸ್ವೀಕಾರದ ಹೊತ್ತಿಗೆ ರೇಷ್ಮೆ. ಮುಂಚಿನ ಮತ್ತು ನಂತರದ ಹೊತ್ತಿಗೆ ಹತ್ತಿ ಎಂದು ಹಂಚಿಕೊಂಡರೆ ಸುಖ. ಕರಾವಳಿಯವರೇ ಇದಕ್ಕೆ ದಾರಿ ಮಾಡಿಟ್ಟಿದ್ದಾರೆ: ಉಡುಪಿ ಸೀರೆ ಮತ್ತು ಕಾಸರಗೋಡು ಸೀರೆ. ಎರಡೂ ಕೈಮಗ್ಗದ ಹತ್ತಿ, ಎರಡಕ್ಕೂ ಭೌಗೋಳಿಕ ಗುರುತಿದೆ. ಮಂಗಳೂರು ಬಳಿಯ ತಾಳಿಪಾಡಿಯ ನೇಕಾರರ ಸಂಘದಲ್ಲಿ ಉಡುಪಿ ಸೀರೆಯ ನೇಯ್ಗೆ ಮತ್ತೆ ಚಿಗುರಿದೆ. ಬೀಗರ ಊರಿನ ಸೀರೆಯುಟ್ಟು ಬೀಗರ ಮನೆಗೆ ಹೋದರೆ ಮಾತು ತಾನಾಗಿಯೇ ಶುರುವಾಗುತ್ತದೆ, ಬೆಲೆಯ ಪ್ರಶ್ನೆ ಯಾರಿಗೂ ಹೊಳೆಯುವುದಿಲ್ಲ.

ಸೀರೆಗಿಂತ ಹೆಚ್ಚು ಬಾಧಿಸುವುದು ಒಳಗಿನದು. ಸ್ಯಾಟಿನ್ ಒಳಲಂಗ ಕಾಲಿಗೆ ಅಂಟುತ್ತದೆ, ಸೀರೆಯ ನೆರಿಗೆಯೂ ಅದರ ಮೇಲೆ ಜಾರುತ್ತದೆ. ಹತ್ತಿಯದು ಎರಡಕ್ಕೂ ಪರಿಹಾರ. ರವಿಕೆಗೆ ಹತ್ತಿಯ ಅಸ್ತರೇ ಇರಲೆಂದು ದರ್ಜಿಗೆ ಮೊದಲೇ ಹೇಳಬೇಕು. ಹೇಳದಿದ್ದರೆ ಅವರು ಕೈಗೆ ಸಿಕ್ಕಿದ್ದನ್ನು ಹಾಕುತ್ತಾರೆ. ಕತ್ತಿಗೆ ಬಿಗಿಯಾದ ಸರ ಬೆವರುಸಾಲೆ ಏಳಿಸುತ್ತದೆ, ಚಿಕ್ಕ ಮಕ್ಕಳಿಗಂತೂ ಖಂಡಿತ ಬೇಡ. ಕಬ್ಬಿಣದ ಪಿನ್ನು ಕಡಲ ಹವೆಯಲ್ಲಿ ಬೇಗ ತುಕ್ಕು ಹಿಡಿದು ಸೀರೆಗೆ ಕಲೆ ಮಾಡುತ್ತದೆ. ಹೊಸ ಸ್ಟೀಲ್ ಪಿನ್ನುಗಳನ್ನೇ ಒಯ್ಯಿರಿ. ಮುಡಿಗೆ ಉಡುಪಿಯ ಶಂಕರಪುರ ಮಲ್ಲಿಗೆ ಸಿಗುತ್ತದೆ. ಮದುವೆಯ ದಿನಗಳಲ್ಲಿ ಅದರ ಬೆಲೆ ಕೇಳಿ ಬೆಚ್ಚಬೇಡಿ. ಹದಿಹರೆಯದ ಹುಡುಗಿಯರಿಗೆ ಲಂಗ-ದಾವಣಿಯಂಥ ಗಾಳಿಯಾಡುವ ಸಭಾ ಉಡುಪು ಇನ್ನೊಂದಿಲ್ಲ ಎಂಬುದು ನಮ್ಮ ಶಾಲೆಯ ಅಧ್ಯಾಪಿಕೆಯರ ಒಮ್ಮತದ ಅಭಿಪ್ರಾಯ.

ಘಟಿಕೋತ್ಸವದ ಗೌನು, ವಕೀಲರ ಕರಿಕೋಟು

ಗೌನು ಯೂರೋಪಿನ ಚಳಿಯಲ್ಲಿ ಹುಟ್ಟಿದ ವಸ್ತ್ರ. 2010ರಲ್ಲಿ ಕೇಂದ್ರ ಸಚಿವರಾಗಿದ್ದ, ಚಿಕ್ಕಮಗಳೂರು ಮೂಲದ ಜೈರಾಮ್ ರಮೇಶ್ ಅವರು ಭೋಪಾಲದ ಘಟಿಕೋತ್ಸವದಲ್ಲಿ ತಾವು ತೊಟ್ಟಿದ್ದ ಗೌನನ್ನು ವೇದಿಕೆಯಲ್ಲಿಯೇ ಕಳಚಿ ಚರ್ಚೆಗೆ ಕಾರಣರಾದರು. ವಿಶ್ವವಿದ್ಯಾಲಯ ಅನುದಾನ ಆಯೋಗವು 2019ರಲ್ಲಿ ಘಟಿಕೋತ್ಸವಕ್ಕೆ ಕೈಮಗ್ಗದ ನಿಲುವಂಗಿ ಬಳಸುವಂತೆ ವಿಶ್ವವಿದ್ಯಾಲಯಗಳನ್ನು ಕೋರಿತು. 2024ರ ಆಗಸ್ಟಿನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು ತನ್ನ ವೈದ್ಯಕೀಯ ಸಂಸ್ಥೆಗಳಿಗೆ ಕರಿ ಗೌನು ಬಿಟ್ಟು ಆಯಾ ಪ್ರಾಂತದ ಪರಂಪರೆಗೊಪ್ಪುವ ಉಡುಪನ್ನು ರೂಪಿಸಲು ಸೂಚಿಸಿತು. ಒಂದೊಂದು ವಿಶ್ವವಿದ್ಯಾಲಯದ ಕ್ರಮ ಒಂದೊಂದು; ಹೊರಡುವ ಮುನ್ನ ಸುತ್ತೋಲೆ ಓದಿ. ಗೌನು ಕಡ್ಡಾಯವಿದ್ದರೂ ಅದು ಹೊರಗಿನದು ಮಾತ್ರ. ಒಳಗೆ ತೆಳು ಹತ್ತಿಯ ಅಂಗಿ ಅಥವಾ ಹತ್ತಿ ಸೀರೆ ಸಾಕು. ಗೌನಿನ ಕೆಳಗೆ ಕೋಟು ತೊಡುವುದು ವ್ಯರ್ಥ ಶಿಕ್ಷೆ. ಸರದಿಗೆ ಹತ್ತು ನಿಮಿಷ ಮೊದಲು ಧರಿಸಿದರೆ ಸಾಕು.

ವಕೀಲಿ ಓದುವ ನಮ್ಮ ಮಕ್ಕಳಿಗೆ ಒಂದು ಸಮಾಧಾನದ ಸಂಗತಿ. ವಕೀಲರ ಪರಿಷತ್ತಿನ ನಿಯಮದಂತೆ ಸುಪ್ರೀಂ ಕೋರ್ಟು, ಹೈಕೋರ್ಟುಗಳನ್ನು ಬಿಟ್ಟರೆ ಬೇಸಿಗೆಯಲ್ಲಿ ಕರಿಕೋಟು ಕಡ್ಡಾಯವಲ್ಲ. ಷರಾಯಿಯ ಬದಲು ಪಂಚೆಯುಡಲೂ ಅದೇ ನಿಯಮದಲ್ಲಿ ಅವಕಾಶವಿದೆ, ಜೀನ್ಸಿಗೆ ಇಲ್ಲ.

ಶಾಲಾ ಮಕ್ಕಳಿಗೆ

ಇಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ಹತ್ತನೆಯ ತರಗತಿಯವರೆಗಿನ ಮಕ್ಕಳಿಗೆ ಒಗೆದು ಇಸ್ತ್ರಿ ಮಾಡಿದ ಸಮವಸ್ತ್ರವೇ ಅತ್ಯುತ್ತಮ ಸಭಾ ಉಡುಪು. ರಾಜ್ಯಪಾಲರ ಮುಂದೆಯೂ ಅದು ಸಲ್ಲುತ್ತದೆ. ಸರ್ಕಾರ ಕೊಡುವ ಕಿಟ್ಟಿನಲ್ಲಿ ಸಮವಸ್ತ್ರದ ಬಟ್ಟೆ, ಬೆಲ್ಟು, ಬೂಟು ಬರುತ್ತವೆ. ಬಹುಮಾನ ಸ್ವೀಕರಿಸುವ ಮಗುವಿಗೆಂದು ಬ್ಲೇಜರ್ ಕೊಳ್ಳಬೇಡಿ, ಬಾಡಿಗೆಗೂ ತರಬೇಡಿ. ಸಮವಸ್ತ್ರದ ಬಟ್ಟೆಯಲ್ಲಿ ಪಾಲಿಯೆಸ್ಟರ್ ಬೆರಕೆ ಇರುವುದರಿಂದ ಒಳಗೆ ಹತ್ತಿಯ ಬನಿಯನ್ ತಪ್ಪದೆ ಹಾಕಿಸಿ, ಇನ್ನೊಂದು ಜೊತೆಯನ್ನು ಚೀಲದಲ್ಲಿಡಿ. ಬಸ್ಸಿನಲ್ಲಿ ಬಂದ ಬಟ್ಟೆಯಲ್ಲೇ ವೇದಿಕೆ ಏರಿಸಬೇಡಿ. ತಲುಪಿದ ಮೇಲೆ ತಣ್ಣೀರಿನಲ್ಲಿ ಮುಖ, ಕತ್ತು, ಮುಂಗೈ ತೊಳೆಸಿ, ಹತ್ತು ನಿಮಿಷ ಫ್ಯಾನಿನಡಿ ಕೂರಿಸಿ, ಆಮೇಲೆ ಬದಲಿಸಿ. ಮಜ್ಜಿಗೆಯೋ ಉಪ್ಪು-ಸಕ್ಕರೆ ಬೆರೆಸಿದ ನಿಂಬೆ ನೀರೋ ಒಂದು ಬಾಟಲಿ ಜೊತೆಯಲ್ಲಿರಲಿ. ಸಾಲಿನಲ್ಲಿ ನಿಂತ ಮಗುವಿಗೆ ತಲೆ ಸುತ್ತಿದರೆ ಮೊದಲು ಕುತ್ತಿಗೆಯ ಗುಂಡಿ, ಟೈ, ಬೆಲ್ಟು ಸಡಿಲಿಸಿ, ನೆರಳಿಗೆ ಕರೆತಂದು ಮಲಗಿಸಿ ಕಾಲನ್ನು ಎತ್ತರಕ್ಕಿಡಿ.

ಜೂನ್‌ನಿಂದ ಸೆಪ್ಟೆಂಬರಿನವರೆಗೆ ಕರಾವಳಿಯಲ್ಲಿ ಮಳೆ ಬಿಡುವುದಿಲ್ಲ. ಆಗ ಚರ್ಮದ ಬೂಟು ಒಯ್ದರೆ ಹಿಂದಿರುಗುವಷ್ಟರಲ್ಲಿ ಬೂಸಲು ಹಿಡಿದಿರುತ್ತದೆ. ಛತ್ರದ ಬಾಗಿಲವರೆಗೆ ರಬ್ಬರಿನ ಚಪ್ಪಲಿ ಸಾಕು, ಒಳಗೆ ಹೇಗೂ ಬರಿಗಾಲು.

ಊರಿಗೆ ಮರಳಿದ ಮೇಲೆ

ಬೆವರಿನ ಉಪ್ಪು ರೇಷ್ಮೆಯ ಶತ್ರು. ಉಟ್ಟ ರೇಷ್ಮೆ ಸೀರೆಯನ್ನು, ಜರಿಯ ಶಲ್ಯವನ್ನು ಹಾಗೆಯೇ ಮಡಚಿ ಪ್ಲಾಸ್ಟಿಕ್ ಕವರಿನಲ್ಲಿ ತುಂಬಿ ತಂದರೆ ಎರಡೇ ದಿನದಲ್ಲಿ ಕಂಕುಳ ಬಳಿ ಹಳದಿ ಕಲೆ ಬೀಳುತ್ತದೆ, ಜರಿ ಮಂಕಾಗುತ್ತದೆ. ಸಮಾರಂಭ ಮುಗಿದ ರಾತ್ರಿಯೇ ಫ್ಯಾನಿನಡಿ ಹರವಿ ಆರಿಸಿ. ಮನೆಗೆ ಬಂದ ಮೇಲೆ ನಮ್ಮ ಒಣಗಾಳಿಯಲ್ಲಿ, ನೆರಳಿನಲ್ಲಿ, ಇನ್ನೊಂದು ಹಗಲು ಹರವಿ. ಆಮೇಲೆ ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿಡಿ. ನುಸಿಗುಳಿಗೆಯನ್ನು ಜರಿಗೆ ತಾಗದಂತೆ ಬಟ್ಟೆಯಲ್ಲಿ ಕಟ್ಟಿ ಮೂಲೆಯಲ್ಲಿಡಬೇಕು. ಮೂರು ನಾಲ್ಕು ತಿಂಗಳಿಗೊಮ್ಮೆ ತೆಗೆದು ಮಡಿಕೆ ಬದಲಿಸದಿದ್ದರೆ ಜರಿ ಅದೇ ಗೆರೆಯಲ್ಲಿ ಮುರಿಯುತ್ತದೆ.